ಎರಡನೇ ನಂಬರಿನ ಹಂಚು

ನಮ್ಮ ಮನೆಯನ್ನು ನೋಡಲು ಈಗ ಜನ ಬರುತ್ತಾರೆ. ಕ್ಯಾಮರಾ ಹಿಡಿದುಕೊಂಡು ಬರುತ್ತಾರೆ, ನೋಟುಪುಸ್ತಕ ಹಿಡಿದುಕೊಂಡು ಬರುತ್ತಾರೆ, ಬಂದರಿನ ಹಳೆಯ ಕಟ್ಟಡಗಳ ಪಟ್ಟಿ ಮಾಡುತ್ತಿದ್ದೇವೆ ಅಜ್ಜಿ ಎನ್ನುತ್ತಾರೆ. ಮುರಕಲ್ಲಿನ ಗೋಡೆಯ ದಪ್ಪವನ್ನು ಗೇಣು ಹಾಕಿ ಅಳೆಯುತ್ತಾರೆ, ಬಾಗಿಲಿನ ಕಬ್ಬಿಣದ ಪಟ್ಟಿ ಸವರುತ್ತಾರೆ, ಇದು ಎಷ್ಟನೇ ಇಸವಿಯದ್ದು ಎಂದು ಕೇಳುತ್ತಾರೆ. ನನ್ನ ಹುಟ್ಟಿದ ದಿನವೇ ಸರಿಯಾಗಿ ಗೊತ್ತಿಲ್ಲದವಳು ನಾನು, ಗೋಡೆಯ ಜಾತಕ ಎಲ್ಲಿಂದ ತಂದು ಹೇಳಲಿ? ಮಾಡಿನ, ಎಂದರೆ ತಲೆಯ ಮೇಲಿನ ಸೂರಿನ, ವಿಷಯ ಬೇಕಾದರೆ ಕೇಳಿ, ಹಂಚು ಹಂಚಿನ ಕಥೆ ಹೇಳುತ್ತೇನೆ ಎಂದರೆ, ಮಾಡು ಎಲ್ಲ ಕಡೆ ಒಂದೇ ಥರ ಅಲ್ಲವಾ ಅಜ್ಜಿ ಎಂದು ನಗುತ್ತಾರೆ. ಓದಿದವರು ಪಾಪ, ಅವರಿಗೆ ಎಂತ ಹೇಳುವುದು. ಚಹಾ ಕೊಟ್ಟು ಕಳಿಸುತ್ತೇನೆ. ಅವರಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆಯಾಗುವ ಮೊದಲು ಇದು ಉಪ್ಪಿನ ಬಂಡಸಾಲೆಯಾಗಿತ್ತು. ದಕ್ಕೆಯಲ್ಲಿ ಹಾಯಿ ಕಟ್ಟಿದ ಮಂಜಿಗಳಿಂದ ಇಳಿದ ಉಪ್ಪನ್ನು ಗಾಡಿಯಲ್ಲಿ ತಂದು ಇಲ್ಲಿ ರಾಶಿ ಹಾಕುತ್ತಿದ್ದರಂತೆ. ಪಕ್ಕದ ಉಪ್ಪರಿಗೆ ಮನೆಯ ಬ್ಯಾರಿ ಸಾಹುಕಾರರ ಅಜ್ಜ ಕಟ್ಟಿಸಿದ್ದು. ಅವರು ಉಪ್ಪು ಬಿಟ್ಟು ಕೊಬ್ಬರಿಗೂ ಒಣಮೀನಿಗೂ ಇಳಿದ ಮೇಲೆ ನನ್ನ ಅಜ್ಜಿ, ಎಂದರೆ ಅಮ್ಮನ ಅಮ್ಮ, ಅದನ್ನು ಕೊಂಡು ಮನೆ ಮಾಡಿದಳು. ಹಾಗಾಗಿ ನಮ್ಮ ಮನೆಗೆ ಎತ್ತಿನ ಗಾಡಿ ಒಳಗೆ ಬರುವಷ್ಟು ಅಗಲದ ಬಾಗಿಲು ಇತ್ತು, ಆದರೆ ಇಣುಕಿ ನೋಡಲು ಒಂದು ಕಿಟಕಿಯೂ ಇರಲಿಲ್ಲ. ಒಂದೇ ದೊಡ್ಡ ಕೋಣೆಯನ್ನು ಎದೆಮಟ್ಟದ ಗೋಡೆ ಹಾಕಿ ಮೂರು ಮಾಡಿದ್ದರು: ಮುಂದೆ ಚಾವಡಿ, ನಡುವೆ ನಾವು ಮಲಗುವ ಜಾಗ, ಹಿಂದೆ ಅಡುಗೆಯ ಒಲೆ. ಯಾರು ಎಲ್ಲಿ ಪಿಸುಗುಟ್ಟಿದರೂ ಮನೆಯಿಡೀ ಕೇಳುತ್ತಿತ್ತು. ಮಳೆಗಾಲದಲ್ಲಿ ಗೋಡೆಗಳು ಉಪ್ಪು ಬೆವರುತ್ತಿದ್ದವು. ಅಕ್ಕ ಗಿರಿಜಕ್ಕ ಮತ್ತು ನಾನು ಅಮ್ಮನ ಕಣ್ಣು ತಪ್ಪಿಸಿ ನಾಲಿಗೆ ತಾಗಿಸಿ ನೋಡುತ್ತಿದ್ದೆವು. ಹಿತ್ತಲಿನ ಬಾಗಿಲು ತೆರೆದರೆ ಹೊಳೆ, ಹೊಳೆಯಾಚೆ ಬೆಂಗ್ರೆಯ ತೆಂಗಿನಮರಗಳು, ಎಡಕ್ಕೆ ಹಂಚಿನ ಕಾರ್ಖಾನೆಯ ಎತ್ತರದ ಚಿಮಣಿ. ಗಾಳಿ ಈ ಕಡೆ ತಿರುಗಿದ ದಿನ ಒಗೆದು ಹಾಕಿದ ಬಟ್ಟೆಯ ಮೇಲೆ ಕರಿ ಬೀಳುತ್ತಿತ್ತು. ಅಮ್ಮ ಚಿಮಣಿಗೆ ಬೈದು ಬಟ್ಟೆ ಒಳಗೆ ತರುತ್ತಿದ್ದಳು.

ಆ ಕಾರ್ಖಾನೆಯಲ್ಲಿ ಅಪ್ಪನ ಕೆಲಸ ಹಂಚು ಬಡಿಯುವುದು. ಭಟ್ಟಿಯಲ್ಲಿ ಬೆಂದು ತಣಿದ ಹಂಚುಗಳು ಅವರ ಎದುರು ಬರುತ್ತಿದ್ದವು. ಒಂದೊಂದನ್ನೂ ಎಡಗೈಯಲ್ಲಿ ಎತ್ತಿ ಬಲಗೈ ಬೆರಳಿನ ಗೆಣ್ಣಿನಿಂದ ಒಮ್ಮೆ ಕುಟ್ಟುವುದು, ಕಿವಿಗೊಡುವುದು, ತಿರುಗಿಸಿ ನೋಡುವುದು. ಗಂಟೆಯ ಹಾಗೆ ಸದ್ದು ಬಂದು, ಮೈಯಲ್ಲಿ ಕಲೆ ಇಲ್ಲದಿದ್ದರೆ ಒಂದನೇ ನಂಬರ್. ಅದು ಮಂಜಿ ಹತ್ತಿ ಬೊಂಬಾಯಿಗೆ, ಇನ್ನೂ ದೂರದ ಊರುಗಳಿಗೆ ಹೋಗುತ್ತಿತ್ತು. ಸದ್ದು ಒಡಕಾದರೆ, ಅಥವಾ ಸದ್ದು ಸರಿಯಿದ್ದೂ ಮೈಯಲ್ಲಿ ಏನಾದರೂ ಗುರುತು ಬಿದ್ದಿದ್ದರೆ ಎರಡನೇ ನಂಬರ್. ಅಪ್ಪನ ಬಾಯಿಂದ ಒಮ್ಮೆ ನಂಬರ್ ಬಿದ್ದರೆ ಮುಗಿಯಿತು, ಕಾರ್ಖಾನೆಯ ದೊರೆಯೂ ಅದನ್ನು ಬದಲಿಸುತ್ತಿರಲಿಲ್ಲ. ಮನೆಯಲ್ಲೂ ಅವರಿಗೆ ಕೈ ಸುಮ್ಮನಿರದು. ತೆಂಗಿನಕಾಯಿ, ಮಣ್ಣಿನ ಮಡಕೆ, ಹಲಸಿನಹಣ್ಣು, ಊಟಕ್ಕೆ ಕೂತಾಗ ಮಣೆ, ಎಲ್ಲವನ್ನೂ ಕುಟ್ಟಿ ನೋಡುವುದೇ. ನನ್ನ ತಲೆಯನ್ನೂ ಕುಟ್ಟಿ, ಕಿವಿ ಓರೆ ಮಾಡಿ, ಅಕ್ಕನ ಕಡೆ ನೋಡುತ್ತಿದ್ದರು.

"ಇದು ಇನ್ನೂ ಬೇಯ್ಲಿಲ್ಲ. ಎರಡನೇ ನಂಬರ್."

ಅಂಥ ಅಪ್ಪನ ಮನೆಯ ಮಾಡು ಪೂರ್ತಿ ಎರಡನೇ ನಂಬರಿನದ್ದು. ಕಾರ್ಖಾನೆಯವರು ತಮ್ಮ ಆಳುಗಳಿಗೆ ಅದನ್ನು ಅಗ್ಗಕ್ಕೆ ಕೊಡುತ್ತಿದ್ದರು, ಮೊದಲಿದ್ದ ತೆಂಗಿನ ಮಡಲಿನ ಮಾಡು ತೆಗೆದು ಅಪ್ಪ ಅದನ್ನು ಹೊದೆಸಿದ್ದರು. ನಮ್ಮಲ್ಲಿ ಮಾಡಿನ ಕೆಳಗೆ ಹಲಗೆಯ ಮುಚ್ಚಿಗೆ ಇರಲಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿದರೆ ಹಂಚಿನ ಹೊಟ್ಟೆಯೇ ಕಾಣುತ್ತಿತ್ತು. ಹಸಿ ಹಂಚುಗಳನ್ನು ಶೆಡ್ಡಿನಲ್ಲಿ ಒಣಗಲು ಇಟ್ಟಾಗ ಅವುಗಳ ಮೇಲೆ ಯಾರು ಯಾರು ನಡೆದು ಹೋಗಿದ್ದರೋ ಅವರೆಲ್ಲ ನಮ್ಮ ತಲೆಯ ಮೇಲೆ ಇದ್ದರು. ನಾಯಿಯ ಹೆಜ್ಜೆ, ಬೆಕ್ಕಿನ ಹೆಜ್ಜೆ, ಕಾಗೆಯ ಕಾಲು, ಒಂದು ಕಡೆ ಹಲಸಿನ ಎಲೆಯ ನರಗಳು. ನನ್ನ ಚಾಪೆಯ ನೇರಕ್ಕೆ ಒಂದು ಬೆಕ್ಕು ಮೂರು ಹೆಜ್ಜೆ ಇಟ್ಟು ಎಲ್ಲೋ ಹಾರಿಹೋಗಿತ್ತು, ಅದು ಎಲ್ಲಿಗೆ ಹೋಯಿತು ಎಂದು ಯೋಚಿಸುತ್ತಾ ನಾನು ಎಷ್ಟೋ ಮಧ್ಯಾಹ್ನ ನಿದ್ದೆಹೋಗಿದ್ದೇನೆ. ಹಂಚಿನ ಮೇಲೆ ಅಚ್ಚೊತ್ತಿದ್ದ ಊರಿನ ಹೆಸರಿನಿಂದಲೇ ನಾನು ಇಂಗ್ಲಿಷ್ ಅಕ್ಷರ ಕಲಿತದ್ದು. ಶಾಲೆಗೆ ಸೇರಿದಾಗ ಟೀಚರು ಎಂ ತೋರಿಸಿದರು, ಹೇಳಿದೆ. ಜಿ ತೋರಿಸಿದರು, ಹೇಳಿದೆ. ಬಿ ತೋರಿಸಿದಾಗ ನಾನು ಕೈಕಟ್ಟಿ ನಿಂತೆ.

"ಅದು ನಮ್ಮ ಮಾಡಿನಲ್ಲಿ ಇಲ್ಲ ಟೀಚರ್."

ನನಗೆ ಆ ಮಾಡು ಕಂಡರೆ ಎಷ್ಟು ಪ್ರೀತಿಯೋ ಅಮ್ಮನಿಗೆ ಅಷ್ಟೇ ನಾಚಿಕೆ. ಅಮ್ಮ ಮದುವೆಗೆ ಮೊದಲು ಅದೇ ಕಾರ್ಖಾನೆಯ ಒಣಗಿಸುವ ಶೆಡ್ಡಿನಲ್ಲಿ ಹಸಿ ಹಂಚು ಹೊತ್ತವಳು. ಕೆಲಸ ಬಿಟ್ಟರೂ ಅವಳ ನಡಿಗೆ ತಲೆಯ ಮೇಲೆ ಹಲಗೆ ಇದ್ದವರ ನಡಿಗೆಯೇ ಆಗಿತ್ತು. ಅವಳ ಬಲಗೈ ಹೆಬ್ಬೆರಳಿಗೆ ಅಡ್ಡಡ್ಡ ಒಂದು ಗಾಯದ ಗೆರೆ ಇತ್ತು. ನಾನು ತೊಟ್ಟಿಲಲ್ಲಿ ಕಿರುಚಿದಾಗ ತಿರುಗಿ ನೋಡಿ ಕಾಲಲ್ಲಿ ಒತ್ತಿ ಹಿಡಿದ ಮೆಟ್ಟುಕತ್ತಿಯಲ್ಲಿ ಬಂಗುಡೆ ಮೀನಿನ ಜೊತೆ ಬೆರಳನ್ನೂ ಕೊಯ್ದುಕೊಂಡದ್ದಂತೆ. ನಾನು ಹಟ ಮಾಡಿದಾಗಲೆಲ್ಲ ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದಳು. ಅದರಿಂದಾಗಿ ಆ ಗೆರೆ ನನಗೆ ಬಾಯಿಪಾಠ.

ಗಿರಿಜಕ್ಕನನ್ನು ನೋಡಲು ಮೊದಲ ಸಲ ಗಂಡಿನ ಕಡೆಯವರು ಬಂದದ್ದು ಒಂದು ದೀಪಾವಳಿ ಕಳೆದ ಮೇಲೆ. ಪಕ್ಕದ ಮನೆಯ ಬೀಪಾತುಮ್ಮ, ಸಾಹುಕಾರರ ಹೆಂಡತಿ, ತಮ್ಮ ಮನೆಯ ದೊಡ್ಡ ಚಾಪೆಯನ್ನೂ ಹಿತ್ತಾಳೆಯ ತಟ್ಟೆಯನ್ನೂ ಕಳಿಸಿದ್ದರು. ಬಂದವರಲ್ಲಿ ಒಬ್ಬ ಅಜ್ಜ ಎಲೆ ಅಡಿಕೆ ಹಾಕಿಕೊಂಡು, ಕಂಬಕ್ಕೆ ಒರಗಿ, ಮೇಲೆ ನೋಡಿದ. ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಇದೆಂತ ಮಾರಾಯ್ರೇ, ನಿಮ್ಮಲ್ಲಿ ನಾಯಿ ಮಾಡಿನ ಮೇಲೆಯಾ ನಡಿಯುವುದು?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ಏಕೆಂದರೆ ಮಾತು ನಿಜವಾಗಿತ್ತು. ಅಮ್ಮ ನಗಲಿಲ್ಲ. ಆ ಸಂಬಂಧ ಕೂಡಿಬರಲಿಲ್ಲ. ಹುಡುಗನ ಕಡೆಯವರು ಹೇಳಿಕಳಿಸಿದ ಕಾರಣ ಬೇರೆ ಏನೋ ಇತ್ತು. ಅಮ್ಮನ ಪಾಲಿಗೆ ಕಾರಣ ಮಾಡು, ಮಾಡು ಮಾತ್ರ. ಅಕ್ಕ ಎರಡು ದಿನ ಅತ್ತು ಮೂರನೆಯ ದಿನ ಸುಮ್ಮನಾದಳು. ಅವಳು ಸುಮ್ಮನಾದದ್ದು ಅಮ್ಮನಿಗೆ ಅತ್ತದ್ದಕ್ಕಿಂತ ಹೆಚ್ಚು ಕಷ್ಟವಾಯಿತು. ಅಂದು ಊಟದ ಹೊತ್ತಿಗೆ ಅಮ್ಮ ಸೌಟು ಹಿಡಿದುಕೊಂಡೇ ಅಪ್ಪನ ಎದುರು ನಿಂತಳು.

"ಚಾವಡಿಯ ಮಾಡಿಗೆ ಒಂದನೇ ನಂಬರ್ ಹಂಚು ಹಾಕದೆ ನನ್ನ ಮಗಳನ್ನು ಇನ್ನು ಯಾರಿಗೂ ತೋರಿಸುವುದಿಲ್ಲ. ಇದು ನನ್ನ ಅಮ್ಮನ ಮನೆ. ನಾನು ಹೇಳಿದ್ದೇ."

"ಒಂದನೇ ನಂಬರ್ ಮಂಜಿ ಹತ್ತುವಂಥದ್ದು. ನಮ್ಮ ಕೈಗೆ ಸಿಗುವಂಥದ್ದಲ್ಲ."

ಆಗ ಬಾಯಿ ಹಾಕಿದ್ದು ಅಮ್ಮನ ತಮ್ಮ ದೂಮಪ್ಪ ಮಾವ. ದಕ್ಕೆಯಲ್ಲಿ ಹೊರೆ ಹೊರುವ ಕೆಲಸ ಅವನದ್ದು, ಬಾಯಿ ಮಾತ್ರ ವಕೀಲರದ್ದು.

"ಭಾವ, ಕುಟ್ಟುವುದು ನೀವು, ಕೇಳುವುದು ನೀವು. ಒಳ್ಳೆಯದನ್ನು ಎತ್ತಿ ಎರಡನೇದು ಅಂತ ಹೇಳಿದರೆ ಯಾರಿಗೆ ಗೊತ್ತಾಗ್ತದೆ?"

ಅಪ್ಪ ಉಣ್ಣುವುದನ್ನು ನಿಲ್ಲಿಸಿದರು. ಅವರಿಗೆ ಸಿಟ್ಟು ಬಂದರೆ ಸ್ವರ ಇಳಿಯುತ್ತಿತ್ತು.

"ನನ್ನ ಕಿವಿಗೆ ಗೊತ್ತಾಗ್ತದೆ. ಕಿವಿಯೇ ಸುಳ್ಳು ಹೇಳಿದರೆ ಮತ್ತೆ ನನ್ನ ಹತ್ರ ಎಂತ ಉಂಟು?"

ಆಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಅಮ್ಮ ಅಪ್ಪನಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದಳು, ಅಪ್ಪ ನನ್ನ ಮೂಲಕವೇ ಉತ್ತರ ಕೊಡುತ್ತಿದ್ದರು, ಇಬ್ಬರೂ ಮೂರಡಿ ದೂರದಲ್ಲಿ ಕೂತುಕೊಂಡು. ಮೇಲಿನ ಬೆಕ್ಕಿನ ಹೆಜ್ಜೆ ನೋಡಿದರೆ ನನಗೂ ಆಗ ಸ್ವಲ್ಪ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ.

ಮಕರ ತಿಂಗಳು ಬರುವಾಗ ಅಮ್ಮ ಇದ್ದಕ್ಕಿದ್ದ ಹಾಗೆ ಬದಲಾದಳು. ಅದುವರೆಗೆ ಅಪ್ಪ ಬೆಳಿಗ್ಗೆಯೇ ಗಂಜಿಯ ತೂಕುಪಾತ್ರೆ ಹಿಡಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಒಂದು ದಿನ ಅಮ್ಮ ಪಾತ್ರೆ ಕೊಡಲಿಲ್ಲ.

"ಬೆಳಿಗ್ಗೆಯ ಗಂಜಿ ಮಧ್ಯಾಹ್ನಕ್ಕೆ ಹುಳಿ ಬರ್ತದೆ. ನಿಮ್ಮ ಹೊಟ್ಟೆಗೆ ಆಗುವುದಿಲ್ಲ. ನಾನೇ ಬಿಸಿ ಬಿಸಿ ತಂದು ಕೊಡ್ತೇನೆ."

ಅಪ್ಪನಿಗೆ ಬಹಳ ಖುಷಿಯಾಯಿತು. ಹೆಂಡತಿ ಹಟ ಬಿಟ್ಟುಬಿಟ್ಟಳು, ರಾಜಿಯಾಯಿತು ಎಂದುಕೊಂಡರು. ನಾವೂ ಹಾಗೆಯೇ ಅಂದುಕೊಂಡೆವು. ದಿನಾ ಮಧ್ಯಾಹ್ನ ಕಾರ್ಖಾನೆಯ ಕೂಗು ಆಗುವುದಕ್ಕಿಂತ ಮೊದಲೇ ಅಮ್ಮ ಕುಚ್ಚಲಕ್ಕಿ ಗಂಜಿ, ಮೇಲಿನ ತಟ್ಟೆಯಲ್ಲಿ ಒಣಮೀನಿನ ಚಟ್ನಿ, ಒಂದು ಉಪ್ಪಿನ ಮಾವಿನಕಾಯಿ ಇಟ್ಟುಕೊಂಡು ಹೊರಡುತ್ತಿದ್ದಳು. ಅಪ್ಪನ ಜಾಗಕ್ಕೆ ಮುಂದಿನ ಗೇಟಿನಿಂದ ನೇರ ದಾರಿ ಇತ್ತು. ಅಮ್ಮ ಮಾತ್ರ ಹೊಳೆಯ ಕಡೆಯಿಂದ ಸುತ್ತಿ, ಒಣಗಿಸುವ ಶೆಡ್ಡಿನ ನಡುವಿನಿಂದ ಹೋಗುತ್ತಿದ್ದಳು. ಹಳೆಯ ಗೆಳತಿಯರ ಹತ್ತಿರ ಎರಡು ಮಾತಾಡಬೇಡವೇ ಎನ್ನುತ್ತಿದ್ದಳು. ಬರುವಾಗ ಅವಳ ಉಗುರಿನಲ್ಲಿ ಆವೆಮಣ್ಣು ಇರುತ್ತಿತ್ತು. ಅದನ್ನು ನಾನು ನೋಡಿದ್ದೆ, ಆದರೆ ಅದರಲ್ಲಿ ನೋಡುವುದು ಎಂತ ಉಂಟು ಎಂದು ಮರೆತಿದ್ದೆ.

ಮಳೆಗೆ ಮೊದಲು, ಮೇ ಕೊನೆಯ ಪತ್ತನಾಜೆ ಹಬ್ಬ ಬರುವಷ್ಟರಲ್ಲಿ, ಪ್ರತಿ ಮನೆಯವರೂ ಮಾಡು ಕೈಯಾಡಿಸಬೇಕು. ಹಂಚೆಲ್ಲ ಕೆಳಗಿಳಿಸಿ, ಪಾಚಿ ಉಜ್ಜಿ, ಒಡೆದದ್ದನ್ನು ಬದಲಿಸಿ, ಮತ್ತೆ ಜೋಡಿಸುವುದು. ಆ ವರ್ಷ ಅದಕ್ಕೆ ಒಂದು ವಾರ ಮೊದಲು ಅಪ್ಪ ಒಂದು ಗಾಡಿ ಹಂಚು ಕೊಂಡು ಮನೆಗೆ ತಂದು ಅಂಗಳದಲ್ಲಿ ಇಳಿಸಿದರು. ಅಮ್ಮನಿಗೆ ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿ, "ಚಾವಡಿಯ ಮಾಡಿಗೆ. ಎರಡನೇ ನಂಬರಿನದ್ದೇ, ನಿನ್ನ ಅಮ್ಮನಿಗೆ ಹೇಳು," ಎಂದರು. ಅಮ್ಮ ಜಗಳಕ್ಕೆ ಬರುತ್ತಾಳೆಂದು ನಾನು ಕಾದೆ. ಅವಳು ಬರಲಿಲ್ಲ. ಹಂಚಿನ ಕಡೆ ನೋಡಲೂ ಇಲ್ಲ, ಬಾವಿಯ ಹತ್ತಿರ ಮೀನು ತೊಳೆಯುತ್ತಿದ್ದಳು.

ಮಾಡಿನ ದಿನ ಬೆಳಿಗ್ಗೆಯೇ ದೂಮಪ್ಪ ಮಾವ ಮೇಲೆ ಹತ್ತಿ, ಹಂಚು ಕೂರಿಸುವ ಮರದ ರೀಪಿನ ಮೇಲೆ ಕೂತ. ಕೆಳಗೆ ಅಪ್ಪ, ಅಕ್ಕ, ಏಣಿಯ ನಡುವಿನ ಮೆಟ್ಟಿಲಲ್ಲಿ ನಾನು, ಹೀಗೆ ಸಾಲು ನಿಂತು ಹಂಚನ್ನು ಕೈಯಿಂದ ಕೈಗೆ ದಾಟಿಸುವುದು. ಬೀಪಾತುಮ್ಮ ತಮ್ಮ ಉಪ್ಪರಿಗೆಯ ಕಿಟಕಿಯಲ್ಲಿ ಕೂತು ನೋಡುತ್ತಿದ್ದರು. ನನಗೆ ಹತ್ತು ವರ್ಷ ಆಗಿರಬಹುದು. ಅಪ್ಪನ ಮಗಳು ಎಂಬ ಗತ್ತು ಬೇರೆ. ಕೈಗೆ ಬಂದ ಹಂಚನ್ನು ಮೇಲೆ ಕೊಡುವ ಮೊದಲು ಅಪ್ಪನ ಹಾಗೆಯೇ ಗೆಣ್ಣಿನಿಂದ ಕುಟ್ಟಿದೆ. ಸದ್ದು ಸ್ವಚ್ಛ ಬಂತು. ಇನ್ನೊಂದು ಕುಟ್ಟಿದೆ, ಅದೂ ಹಾಗೆಯೇ. ಐದು ಕುಟ್ಟಿದೆ, ಹತ್ತು ಕುಟ್ಟಿದೆ. ಒಂದರ ಹೊಟ್ಟೆಯಲ್ಲೂ ನಾಯಿಯ ಹೆಜ್ಜೆ ಇಲ್ಲ, ಎಲೆಯ ನರ ಇಲ್ಲ. ನನಗೆ ತಡೆಯಲಾಗಲಿಲ್ಲ, ಬೀದಿಗೆ ಕೇಳುವ ಹಾಗೆ ಕೂಗಿಬಿಟ್ಟೆ.

"ಅಪ್ಪ, ಇದೆಲ್ಲ ಒಂದನೇ ನಂಬರ್ ಅಲ್ಲವಾ?"

ಮೇಲೆ ಮಾವನ ಕೈ ನಿಂತಿತು. ಅಕ್ಕ ಹಂಚನ್ನು ಎದೆಗೆ ಅವುಚಿಕೊಂಡಳು. ಆಗಲೇ ನನಗೆ ಹೊಳೆದದ್ದು ನಾನು ಹೇಳಿದ್ದರ ಅರ್ಥ: ನನ್ನ ಅಪ್ಪ ಒಳ್ಳೆಯ ಹಂಚನ್ನು ಕೆಟ್ಟದ್ದೆಂದು ಹೇಳಿ ಮನೆಗೆ ತಂದಿದ್ದಾರೆ. ಕಾರ್ಖಾನೆಯವರಿಗೆ ಗೊತ್ತಾದರೆ ಅಪ್ಪನನ್ನು ಇಟ್ಟುಕೊಳ್ಳುತ್ತಾರಾ? ಅದಕ್ಕಿಂತ ದೊಡ್ಡ ಹೆದರಿಕೆ, ಅಪ್ಪನ ಕಿವಿ ಸುಳ್ಳು ಹೇಳಿತಲ್ಲ ಎಂಬುದು. ಅಪ್ಪ ಸಾಲು ಬಿಟ್ಟು ನನ್ನ ಹತ್ತಿರ ಬಂದರು. ಹಂಚನ್ನು ತೆಗೆದುಕೊಂಡರು, ಕುಟ್ಟಿದರು, ಅಭ್ಯಾಸದಂತೆ ಕಿವಿ ಓರೆ ಮಾಡಿದರು. ಮತ್ತೆ ಅದನ್ನು ತಿರುಗಿಸಿ ಮೇಲಿನ ಅಂಚು ತೋರಿಸಿದರು. ಒಂದು ಹಂಚಿನ ಮೇಲೆ ಇನ್ನೊಂದು ಬಂದು ಕೂತು ಮುಚ್ಚಿಹೋಗುವ ಅಂಚು ಅದು, ಜೋಡಿಸಿದ ಮೇಲೆ ಒಳಗಿನಿಂದಲೂ ಕಾಣದು, ಹೊರಗಿನಿಂದಲೂ ಕಾಣದು. ಅಲ್ಲಿ ಒಂದು ಹೆಬ್ಬೆರಳಿನ ಗುರುತು ಬಿದ್ದಿತ್ತು.

"ಸದ್ದು ಸರಿ ಉಂಟು. ಗುರ್ತು ಬಿದ್ದಿದೆ ನೋಡು. ಗುರ್ತು ಇದ್ದದ್ದು ಎರಡನೇ ನಂಬರ್. ನಾನು ಬೇರೆ ಹೇಳಲಿಕ್ಕೆ ಆಗುವುದಿಲ್ಲ."

ಹಂಚನ್ನು ನನ್ನ ಕೈಗೆ ಕೊಟ್ಟು ಅವರು ತಮ್ಮ ಜಾಗಕ್ಕೆ ಹೋದರು. ನಾನು ಆ ಗುರುತಿನೊಳಗೆ ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಸುರುಳಿ ಸುರುಳಿ ಗೆರೆಗಳು, ಅವುಗಳ ನಡುವೆ ಅಡ್ಡಡ್ಡ ಒಂದು ಗೆರೆ. ನನ್ನ ಮೂಗಿನ ಮುಂದೆ ಎಷ್ಟು ಸಲ ಬಂದು ನಿಂತ ಗೆರೆ ಅದು! ಮುಂದಿನ ಹಂಚು ತಿರುಗಿಸಿದೆ, ಅದರಲ್ಲೂ ಇತ್ತು. ಅದರ ಮುಂದಿನದ್ದರಲ್ಲೂ ಇತ್ತು. ನಡುನಡುವೆ ಗೆರೆಯಿಲ್ಲದ ಬೇರೆ ಬೆರಳುಗಳೂ ಇದ್ದವು, ಶೆಡ್ಡಿನ ಗೆಳತಿಯರದ್ದು ಇರಬೇಕು. ಗಂಜಿಯ ಪಾತ್ರೆ, ಸುತ್ತುದಾರಿ, ಉಗುರಿನ ಮಣ್ಣು, ಎಲ್ಲ ಒಂದೇ ಸಲ ತಲೆಯೊಳಗೆ ಬಂದು ಕೂತವು. ಅಡುಗೆಮನೆಯ ಕಡೆ ನೋಡಿದೆ. ಅಮ್ಮ ಒಲೆ ಊದುತ್ತಿದ್ದಳು. ಆ ಒಲೆ ಅಷ್ಟು ಊದಬೇಕಾದ್ದಿರಲಿಲ್ಲ, ಚೆನ್ನಾಗಿಯೇ ಉರಿಯುತ್ತಿತ್ತು. ನಾನು ಹಂಚನ್ನು ಮಾವನ ಕೈಗೆ ದಾಟಿಸಿದೆ, ಮತ್ತೆ ಒಂದನ್ನೂ ಕುಟ್ಟಲಿಲ್ಲ.

ಮಧ್ಯಾಹ್ನ ಹೊಸ ಮಾಡಿನ ಕೆಳಗೆ ಊಟಕ್ಕೆ ಕೂತೆವು. ಚಾವಡಿಯಲ್ಲಿ ಮೊದಲ ಸಲ ಮೇಲೆ ನೋಡಿದರೆ ಕೆಂಪು ಬಿಟ್ಟು ಬೇರೇನೂ ಇರಲಿಲ್ಲ. ಬಂಗುಡೆಯ ಗಸಿ ಮಾಡಿದ್ದಳು ಅಮ್ಮ, ಅಪ್ಪನಿಗೆ ಇಷ್ಟದ್ದು. ಎರಡನೇ ಸಲ ಅನ್ನ ಬಡಿಸಲು ಅಮ್ಮ ಬಗ್ಗಿದಾಗ ಸೌಟು ಹಿಡಿದ ಅವಳ ಹೆಬ್ಬೆರಳು ಅವರ ಕಣ್ಣಿನ ನೇರಕ್ಕೆ ಬಂತು. ಅಪ್ಪ ಅದನ್ನೇ ನೋಡುತ್ತಾ ಕೂತರು. ಆಮೇಲೆ, ಸ್ವರ ಇಳಿಸದೆ, ಮಾಮೂಲಿನಂತೆ ಹೇಳಿದರು:

"ನಾಳೆಯಿಂದ ಗಂಜಿ ಇವಳ ಕೈಯಲ್ಲಿ ಕಳಿಸು. ಮುಂದಿನ ಗೇಟಿನಿಂದ."

"ಆಯ್ತು. ಸ್ವಲ್ಪ ಗಸಿ ಹಾಕಲಾ?"

"ಹಾಕು."

ಅಷ್ಟೇ. ಅದರ ನಂತರ ಆ ವಿಷಯ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಅಪ್ಪ ತಿಳಿದೂ ಯಾಕೆ ಒಪ್ಪಿದರು ಎಂದು ನಾನು ಬಹಳ ಕಾಲ ಯೋಚಿಸಿದ್ದೇನೆ. ಅವರ ಕಿವಿ ಸುಳ್ಳು ಹೇಳಿರಲಿಲ್ಲ. ಅದಕ್ಕಿಂತ ಮುಂದೆ ಹೋಗಿ ಕೇಳುವುದು ಅವರಿಗೆ ಬೇಡವಾಗಿತ್ತು. ಕಾರ್ಖಾನೆಯ ದೊರೆಗೆ ಹೋಗಿ ಹೇಳಿದ್ದರೆ ಶೆಡ್ಡಿನ ನಾಲ್ಕು ಹೆಂಗಸರ ಕೆಲಸ ಹೋಗುತ್ತಿತ್ತು. ಮಗಳ ಮುಖವನ್ನು ಅವರೂ ನೋಡಿದ್ದರು. ಹಂಚು ಬಡಿಯುವಾಗ ಒಂದೊಂದು ಬೆರಳಿನ ಗುರುತು ಕಂಡಾಗಲೂ ಅವರಿಗೆ ಎಷ್ಟು ಕಷ್ಟವಾಗಿರಬೇಕು, ಪಾಪ. ಅಷ್ಟು ಹಂಚಿಗೂ ಒಂದೊಂದು ಸಲ ಎರಡನೇ ನಂಬರ್ ಎಂದು ಬಾಯಿಬಿಟ್ಟು ಹೇಳಿದ್ದಾರಲ್ಲ.

ಮುಂದಿನ ಬೇಸಿಗೆಗೆ ಕುಲಶೇಖರ ಎಂಬ ಊರಿನ ಕಡೆಯಿಂದ ಒಂದು ಸಂಬಂಧ ಬಂತು. ಬಂದ ಹಿರಿಯರು ಚಾವಡಿಯಲ್ಲಿ ಕೂತು ಮೇಲೆ ನೋಡಿ, ಮಾಡು ಬಹಳ ಚೊಕ್ಕ ಉಂಟು ಎಂದರು. ಅಪ್ಪ ಕೂಡಲೇ, ಅದು ಎರಡನೇ ನಂಬರಿನದ್ದು ಎಂದು ಹೇಳಿಯೇಬಿಟ್ಟರು. ಅಮ್ಮ ಒಳಗಿನಿಂದ ಕೆಮ್ಮಿದಳು. ಹಿರಿಯರು ಅಪ್ಪ ತಮಾಷೆ ಮಾಡುತ್ತಿದ್ದಾರೆಂದು ನಕ್ಕರು. ಅಕ್ಕನ ಮದುವೆ ಆಯಿತು, ಅವಳ ಸಂಸಾರ ಚೆನ್ನಾಗಿಯೇ ನಡೆಯಿತು, ಈಗಲೂ ಅವಳ ಮೊಮ್ಮಕ್ಕಳು ಬಂದು ನನ್ನ ಉಪ್ಪಿನಕಾಯಿ ಭರಣಿ ಖಾಲಿ ಮಾಡಿ ಹೋಗುತ್ತಾರೆ.

ಗಂಜಿ ಹೊತ್ತದ್ದು ನಾನು. ರಜೆಯಲ್ಲಿ ದಿನವೂ, ಶಾಲೆಯಿದ್ದಾಗ ಮಧ್ಯಾಹ್ನದ ಬಿಡುವಿನಲ್ಲಿ ಓಡಿ, ಮುಂದಿನ ಗೇಟಿನಿಂದ. ಅಪ್ಪ ಉಣ್ಣುವಷ್ಟು ಹೊತ್ತು ನನ್ನ ಕೈಗೆ ಹಂಚು ಕೊಟ್ಟು ಕುಟ್ಟಿಸುತ್ತಿದ್ದರು. ಭಟ್ಟಿಯ ಬಿಸಿ ಗೋಡೆಗೆ ಬೆನ್ನು ಕೊಟ್ಟು ಕೂತು ಎಷ್ಟೋ ಕಲಿತೆ: ಯಾವ ಸದ್ದು ಹಸಿ, ಯಾವುದು ಒಡಕು, ಹಸಿ ಹಂಚು ಬೆಂದ ಮೇಲೆ ಎಷ್ಟು ಕುಗ್ಗುತ್ತದೆ, ಅದಕ್ಕಾಗಿ ಅಚ್ಚನ್ನು ಎಷ್ಟು ದೊಡ್ಡದು ಮಾಡಬೇಕು. ಮುಂದೆ ನಾನು ಟೀಚರಾಗಿ ಮೂವತ್ತು ವರ್ಷ ಮಕ್ಕಳ ಮಾತು ಕೇಳಿದೆ. ಸದ್ದು ಸರಿಯಿದ್ದ ಮಗುವನ್ನು ಒಂದು ಕಲೆಗಾಗಿ ಹಿಂದಿನ ಬೆಂಚಿಗೆ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಈ ವಿಷಯದಲ್ಲಿ ನಾನು ಅಪ್ಪನ ಮಗಳಲ್ಲ, ಅಮ್ಮನ ಮಗಳು.

ಪ್ರತಿ ವರ್ಷ ಮಾಡು ಕೈಯಾಡಿಸುವಾಗ ಆ ಹೆಬ್ಬೆರಳುಗಳು ಒಮ್ಮೆ ಬಿಸಿಲು ಕಂಡು ಮತ್ತೆ ಒಳಗೆ ಸೇರುತ್ತಿದ್ದವು. ಆ ದಿನ ಅಮ್ಮನಿಗೆ ಒಲೆಯ ಹತ್ತಿರ ಎಲ್ಲಿಲ್ಲದ ಕೆಲಸ. ಅಪ್ಪ ಹಂಚು ದಾಟಿಸುವಾಗ ಗುರುತಿನ ಮೇಲೆ ಬೆರಳು ಆಡಿಸಿ ಕೊಡುತ್ತಿದ್ದರು, ನೋಡುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಬಂದ ಬೇಸಿಗೆಯಲ್ಲಿ ಅಮ್ಮ ಮೊದಲ ಸಲ ಅಂಗಳಕ್ಕೆ ಬಂದು ಮಣೆ ಹಾಕಿಕೊಂಡು ಕೂತಳು. ಅವಳಿಗೆ ಆಗ ಮೊಣಕಾಲು ಹಿಡಿಯುತ್ತಿತ್ತು, ಕಣ್ಣು ಮಂಜಾಗಿತ್ತು. ನಾನು ಒಂದು ಹಂಚನ್ನು ತಂದು ಅವಳ ಮಡಿಲಿಗೆ ಇಟ್ಟೆ, ಅವಳ ಬಲಗೈ ಹಿಡಿದು ಹೆಬ್ಬೆರಳನ್ನು ಗುರುತಿನ ಮೇಲೆ ಕೂರಿಸಿದೆ.

"ಇದು ಯಾರದ್ದು ಅಮ್ಮ?"

ಅಮ್ಮ ಒತ್ತಿ ನೋಡಿದಳು. ಬೆರಳು ಒಳಗೆ ಹಿಡಿಸಲಿಲ್ಲ, ಅಂಚಿನಲ್ಲೇ ನಿಂತಿತು. ಅವಳ ಮುಖ ಅರಳಿತು.

"ನೋಡು, ನನಗೆ ಹಿಡಿಯುವುದೇ ಇಲ್ಲ. ಬೆಕ್ಕಿನದ್ದು ಇರಬೇಕು. ಆ ಶೆಡ್ಡಿನಲ್ಲಿ ಬೆಕ್ಕು ಬಹಳ ಇತ್ತು ಮಾರಾಯ್ತಿ."

ಬೆಂದ ಮಣ್ಣು ಕುಗ್ಗುತ್ತದೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಆಮೇಲೆ ಅಮ್ಮ ಹಂಚನ್ನು ಎಡಗೈಯಲ್ಲಿ ಎತ್ತಿದಳು, ಅಪ್ಪನ ಹಾಗೆಯೇ ಗೆಣ್ಣಿನಿಂದ ಒಮ್ಮೆ ಕುಟ್ಟಿದಳು, ಅಪ್ಪನ ಹಾಗೆಯೇ ಕಿವಿ ಓರೆ ಮಾಡಿದಳು. ಸದ್ದು ಪೂರ್ತಿ ನಿಲ್ಲುವವರೆಗೆ ಕಾದು, ಹಂಚನ್ನು ನನ್ನ ಕೈಗೆ ಕೊಟ್ಟಳು.

"ಒಂದನೇ ನಂಬರ್," ಎಂದಳು. "ಮೇಲೆ ಇಡು."